ಆದ ಮೇಲೆ ಹೇಳುವ

ಕೆಲಸ ಹುಡುಕುವ ವಿದ್ಯೆಯನ್ನು ಗಣೇಶಪ್ರಸಾದ ಶ್ರದ್ಧೆಯಿಂದಲೇ ಕಲಿತಿದ್ದ. ವಯಸ್ಸು ನಲುವತ್ತಾರಾದ ಮೇಲೆ ಬಯೋಡಾಟ ಎನ್ನುವುದನ್ನು ಬಿಟ್ಟು ರೆಸ್ಯೂಮೆ ಎನ್ನಲು ಅಭ್ಯಾಸ ಮಾಡಿಕೊಂಡಿದ್ದ. ಅದರಲ್ಲಿ ತಂದೆಯ ಹೆಸರು ಬೇಡ, ಊರು ಮನೆ ಬೇಡ, ಮಾಡಿದ ಕೆಲಸದಿಂದ ಕಂಪೆನಿಗೆ ಏನು ಲಾಭವಾಯಿತು ಎನ್ನುವುದು ಮೊದಲ ಸಾಲಿನಲ್ಲೇ ಬರಬೇಕು ಎಂಬುದೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ಲಿಂಕ್ಡ್‌ಇನ್ನಿಗೆ ಟೈ ಕಟ್ಟಿದ ಫೋಟೋ ಒಂದು ಬೇಕಿತ್ತು. ಸೀತಾಂಗೋಳಿಯ ಬಿಸಿಲಲ್ಲಿ ಟೈ ಕಟ್ಟಿಕೊಂಡು ನಡೆದರೆ ಇನ್ಶೂರೆನ್ಸಿನವನು ಬಂದ ಎಂದು ಜನ ಅಡ್ಡದಾರಿ ಹಿಡಿಯುತ್ತಾರೆ. ಹಾಗಾಗಿ ಆ ಫೋಟೋವನ್ನು ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ತೆಗೆಸಿದ. ತೆಗೆದವಳು ಹೆಂಡತಿ ಶಂಕರಿ. ನಗು ತಡೆಯಲಾರದೆ ಅವಳ ಕೈ ಅಲುಗಿ, ಮೊದಲಿನ ಕೆಲವು ಫೋಟೋಗಳಲ್ಲಿ ಅವನ ತಲೆಯೇ ಇರಲಿಲ್ಲ.

ನಗುವ ಹೊತ್ತೇನೂ ಅದಾಗಿರಲಿಲ್ಲ. ಕೇರಳದ ಗಡಿಯೊಳಗಿನ ಸೀತಾಂಗೋಳಿಯಲ್ಲಿ ತೆಂಗಿನ ಹಾಲಿನ ಪುಡಿ ಮಾಡುವ ಕಾರ್ಖಾನೆಯೊಂದರಲ್ಲಿ ಅವನು ಉತ್ಪಾದನಾ ಮ್ಯಾನೇಜರು. ಓಣಂ ಕಳೆದ ಕೂಡಲೇ ಯಂತ್ರಗಳನ್ನೆಲ್ಲ ಬಿಚ್ಚಿ ದೂರದ ಪೊಳ್ಳಾಚಿಗೆ ಸಾಗಿಸುವುದೆಂದು ಯಜಮಾನರು ತೀರ್ಮಾನ ಮಾಡಿಯಾಗಿತ್ತು. ಬರುವವರಿಗೆ ಅಲ್ಲಿ ಅದೇ ಹುದ್ದೆ, ಅದೇ ಸಂಬಳ, ಕಾರ್ಖಾನೆಯ ಹಿಂದೆ ಒಂದು ಕೋಣೆ. ಬಾರದವರಿಗೆ ಕೈ ಮುಗಿದು ನಮಸ್ಕಾರ. ಶಂಕರಿ ಪುತ್ತಿಗೆಯ ಎಯ್ಡೆಡ್ ಶಾಲೆಯಲ್ಲಿ ಕನ್ನಡ ಟೀಚರು. ಅಲ್ಲಿಂದ ಬೇರೆಡೆಗೆ ವರ್ಗವಿಲ್ಲ, ಆ ಶಾಲೆ ಬಿಟ್ಟರೆ ಅವಳಿಗೆ ಬೇರೆ ಶಾಲೆಯಿಲ್ಲ. ಮಗಳು ಶ್ರೀರಂಜಿನಿ ಪ್ಲಸ್ ಟು ಓದುತ್ತಿದ್ದಳು. ಹೋಗುವುದಾದರೆ ಅವನೊಬ್ಬನೇ ಹೋಗಬೇಕಿತ್ತು.

ಒಬ್ಬನೇ ಹೋಗುವುದೆಂದರೆ ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮಗಳು ಎದ್ದು ನಡೆದದ್ದು, ಹಲ್ಲು ಬಿದ್ದದ್ದು, ಅಕ್ಷರ ಬರೆದದ್ದು ಎಲ್ಲವನ್ನೂ ಅವನು ಮಸ್ಕತ್ತಿನ ಒಂದು ಹಾಲಿನ ಕಂಪೆನಿಯ ಕೋಣೆಯಲ್ಲಿ ಕೂತು ಫೋನಿನಲ್ಲಿ ನೋಡಿದ್ದ. ಗಂಟುಮೂಟೆ ಕಟ್ಟಿ ಊರಿಗೆ ಬಂದ ದಿನ ಹುಡುಗಿ ಅಡಿಗೆಮನೆಯ ಬಾಗಿಲ ಹಿಂದೆ ನಿಂತು, ಇವರು ಎಷ್ಟು ದಿನ ಇರ್ತಾರೆ ಎಂದು ತಾಯಿಯ ಹತ್ತಿರ ಗುಟ್ಟಾಗಿ ಕೇಳಿದ್ದಳು. ಅದು ಅವನ ಕಿವಿಗೆ ಬಿದ್ದಿತ್ತು. ಇನ್ನು ಮನೆಯಿಂದ ಹೋಗಿ ಮನೆಗೇ ಬರುವ ಕೆಲಸ ಮಾತ್ರ ಮಾಡುವುದೆಂದು ಅವತ್ತು ಅವನು ಹಟ ಹಿಡಿದದ್ದು. ಆ ಹಟದಲ್ಲೇ ಸಂಬಳ ಕಡಿಮೆಯಾದರೂ ಸೀತಾಂಗೋಳಿಗೆ ಸೇರಿದ. ಮಗಳಿಗೆ ಅವನು ನಿಧಾನವಾಗಿ ಅಪ್ಪನಾದ. ಈಗ ಸಂಜೆ ಅವನ ಕಾರಿನ ಸದ್ದಾದರೆ ಅವಳೇ ಗೇಟು ತೆಗೆಯುತ್ತಿದ್ದಳು.

ಹೀಗಾಗಿ ಅವನು ಆನ್‌ಲೈನ್ ತರಗತಿಗೆ ಸೇರಿದ. ದೊಡ್ಡ ಕಂಪೆನಿಗಳಲ್ಲಿ ಜನರನ್ನು ಆರಿಸುವ ಕೆಲಸ ಮಾಡಿ ಬಿಟ್ಟಿದ್ದ ನಮಿತಾ ಎಂಬ ಮಂಗಳೂರಿನ ಹೆಂಗಸು ಪ್ರತಿ ಭಾನುವಾರ ಬೆಳಿಗ್ಗೆ ಪಾಠ ಮಾಡುತ್ತಿದ್ದಳು. ನೇರ ಮಾತಿನ ಹೆಂಗಸು. ಒಳ್ಳೆಯ ಕೆಲಸಗಳು ಜಾಹೀರಾತಿನವರೆಗೆ ಬರುವುದೇ ಇಲ್ಲ, ಬಾಯಿಂದ ಕಿವಿಗೆ ಹೋಗಿ ಅಲ್ಲೇ ಭರ್ತಿಯಾಗುತ್ತವೆ ಎಂದಳು. ನೀವು ಹುಡುಕುತ್ತಿದ್ದೀರಿ ಎಂದು ಗೊತ್ತಿಲ್ಲದವನು ನಿಮಗೆ ಸಹಾಯ ಮಾಡುವುದು ಹೇಗೆ ಎಂದೂ ಕೇಳಿದಳು. ಆ ವಾರದ ಮನೆಕೆಲಸ ಅದೇ: ನಿಮ್ಮ ಕ್ಷೇತ್ರದ ಪರಿಚಿತರಿಗೆಲ್ಲ ಬಾಯಿ ಬಿಟ್ಟು ಹೇಳಿ. ತರಗತಿಯಲ್ಲಿದ್ದ ಧಾರವಾಡದ ಒಬ್ಬ ತನ್ನ ಹಲ್ಲಿನ ಡಾಕ್ಟರಿಗೂ ಹೇಳಿದೆ ಎಂದು ಮುಂದಿನ ವಾರ ಹೆಮ್ಮೆಪಟ್ಟ. ಗಣೇಶಪ್ರಸಾದ ತಾನೂ ಹೇಳಿದ್ದೇನೆ ಎಂದು ಒಪ್ಪಿಸಿದ. ಒಂದು ನರಪಿಳ್ಳೆಗೂ ಹೇಳಿರಲಿಲ್ಲ.

ಅವನನ್ನು ಬೈದು ಪ್ರಯೋಜನವಿಲ್ಲ. ಕುಂಬಳೆಯಿಂದ ಒಳಗಿನ ನಮ್ಮ ಜನಕ್ಕೆ ಇದು ರಕ್ತದಲ್ಲೇ ಬಂದದ್ದು. ಹುಡುಗಿ ನೋಡಲು ಹೋಗುವಾಗ ಆಸ್ಪತ್ರೆಗೆ ಎನ್ನುತ್ತಾರೆ, ಆಸ್ಪತ್ರೆಗೆ ಹೋಗುವಾಗ ಪೇಟೆಗೆ ಎನ್ನುತ್ತಾರೆ. ಜಾಗ ಕೊಳ್ಳುವವನು ರಿಜಿಸ್ಟ್ರಿ ಮುಗಿಯುವವರೆಗೆ ಆ ಜಾಗದ ಕಡೆಗೆ ಮುಖ ಹಾಕಿ ಉಗುಳುವುದೂ ಇಲ್ಲ. ಎಲ್ಲದಕ್ಕೂ ಒಂದೇ ಮಾತು, ಆದ ಮೇಲೆ ಹೇಳುವ. ಮೊದಲೇ ಹೇಳಿದರೆ ಕಣ್ಣು ಬೀಳುತ್ತದೆ, ನಾಲಿಗೆ ತಾಗುತ್ತದೆ ಎಂಬ ಹೆದರಿಕೆ ಒಂದು ಕಡೆ. ಆಗದೆ ಹೋದರೆ ಮಾನ ಹೋಗುತ್ತದೆ ಎನ್ನುವುದು ಇನ್ನೊಂದು ಕಡೆ, ನಿಜವಾದದ್ದು ಅದೇ. ಗಣೇಶಪ್ರಸಾದನ ಅಣ್ಣ ಮುರಳೀಕೃಷ್ಣ ಒಮ್ಮೆ ಒಂದು ಉಪನಯನದ ಊಟದ ಪಂಕ್ತಿಯಲ್ಲಿ ಕೂತು, ಕತಾರಿನಲ್ಲಿ ಕೆಲಸವಾಗಿದೆ, ಮುಂದಿನ ತಿಂಗಳು ಹೊರಡುವುದು ಎಂದು ಹೇಳಿಬಿಟ್ಟಿದ್ದ. ವೀಸಾ ಬರಲಿಲ್ಲ. ಆಮೇಲೆ ಯಾವ ಮದುವೆಗೆ ಹೋದರೂ ಸಾರು ಬಡಿಸುವವನೂ ಸೌಟು ಹಿಡಿದು ನಿಂತು, ಕತಾರು ಎಲ್ಲಿವರೆಗೆ ಬಂತು ಎಂದು ಕೇಳುವವನೇ. ಅಣ್ಣ ಮೊದಲು ಕೊನೆಯ ಪಂಕ್ತಿಗೆ ಕೂರತೊಡಗಿದ, ಕ್ರಮೇಣ ಊಟಕ್ಕೆ ಹೋಗುವುದನ್ನೇ ಬಿಟ್ಟ. ಅದನ್ನು ಕಣ್ಣಾರೆ ಕಂಡ ತಮ್ಮನ ಬಾಯಿಗೆ ಬೀಗ ಬಿದ್ದದ್ದು ಅಲ್ಲಿಂದ.

ಈ ಬೀಗ ಇಲ್ಲದ ಮನುಷ್ಯನೊಬ್ಬ ಅದೇ ಕಾರ್ಖಾನೆಯಲ್ಲಿದ್ದ. ಯಂತ್ರಗಳ ನಿರ್ವಹಣೆ ನೋಡುತ್ತಿದ್ದ ಎಂಜಿನಿಯರು, ಕುಂಬಳೆಯ ಪುರುಷೋತ್ತಮ. ಗಣೇಶಪ್ರಸಾದನಿಗಿಂತ ಸ್ವಲ್ಪ ಚಿಕ್ಕವನು. ಮಧ್ಯಾಹ್ನ ಇಬ್ಬರದೂ ಒಟ್ಟಿಗೇ ಊಟ. ಮನೆ ಮಠದ ಸುದ್ದಿ ತುಳುವಿನಲ್ಲಿ, ಕೆಲಸದ ಸುದ್ದಿ ಕನ್ನಡದಲ್ಲಿ ಎಂಬುದು ಹೇಗೋ ಅವರ ನಡುವೆ ಬಿದ್ದುಹೋದ ರೂಢಿ. ಕಾರ್ಖಾನೆ ಹೋಗುತ್ತದೆ ಎಂದು ಕೇಳಿದ ದಿನದಿಂದಲೇ ಪುರುಷೋತ್ತಮ, ನನಗೊಂದು ಕೆಲಸ ನೋಡಿ ಎಂದು ಊರಿಡೀ ಸಾರುತ್ತಿದ್ದ. ಚಹಾದ ಅಂಗಡಿಯಲ್ಲಿ ಹೇಳಿದ, ಭಜನಾ ಮಂದಿರದಲ್ಲಿ ಹೇಳಿದ, ಬಸ್ಸಿನಲ್ಲಿ ಪಕ್ಕಕ್ಕೆ ಕೂತವನಿಗೂ ಹೇಳಿದ. ಇವನಿಗೆ ಸ್ವಲ್ಪವಾದರೂ ನಾಚಿಕೆ ಬೇಡವೇ ಎಂದು ಗಣೇಶಪ್ರಸಾದನಿಗೆ ಅನಿಸುತ್ತಿತ್ತು. ಅಸಹ್ಯದ ಜೊತೆಗೆ ಒಂದಿಷ್ಟು ಕನಿಕರವೂ ಇತ್ತು.

ಕರ್ನಾಟಕದ ಗಡಿ ದಾಟಿದರೆ ಸಿಗುವ ಮುಡಿಪಿನ ಹತ್ತಿರ ತೆಂಗಿನ ಉತ್ಪನ್ನಗಳ ಹೊಸ ಕಾರ್ಖಾನೆಯೊಂದು ಏಳುತ್ತಿತ್ತು. ಅದನ್ನು ಪೂರ್ತಿ ನಡೆಸಲು ಒಬ್ಬ ಮುಖ್ಯಸ್ಥ ಬೇಕೆಂಬ ಸುದ್ದಿ ಗಣೇಶಪ್ರಸಾದನಿಗೆ ಲಿಂಕ್ಡ್‌ಇನ್ನಿನಲ್ಲಿ ಕಂಡಿತು. ಬೆಳಿಗ್ಗೆ ಹೋಗಿ ಸಂಜೆ ಬರುವ ದೂರ. ಅವನಿಗಾಗಿಯೇ ಅಳತೆ ತೆಗೆದು ಹೊಲಿದ ಅಂಗಿಯ ಹಾಗಿದ್ದ ಕೆಲಸ. ಅರ್ಜಿ ಕಳಿಸಿದ ದಿನವೇ ಊಟದ ಹೊತ್ತಿಗೆ ಪುರುಷೋತ್ತಮ ಬುತ್ತಿ ಬಿಚ್ಚುತ್ತ ಕೇಳಿದ:

“ಭಟ್ರೇ, ನೀವು ಎಂತ ಮಾಡುವುದು ಅಂತ ಉಂಟು? ಪೊಳ್ಳಾಚಿಗಾ? ಅಲ್ಲ, ಇಲ್ಲಿಯೇ ಎಂತಾದರೂ ನೋಡ್ತಾ ಇದ್ದೀರಾ? ಇದ್ದರೆ ಹೇಳಿ. ನಮ್ಮ ರೋಶನ್ ಮುಡಿಪಿನ ಹೊಸ ಫ್ಯಾಕ್ಟರಿಯಲ್ಲಿ ವಯರಿಂಗ್ ಮಾಡಿಸುವುದು. ಒಂದು ಮಾತು ಹಾಕ್ಲಿಕ್ಕೆ ಹೇಳ್ತೇನೆ.”

ರೋಶನ್ ಎಂದರೆ ಪುರುಷೋತ್ತಮನ ಚಿಕ್ಕಪ್ಪನ ಮಗ. ಮುಡಿಪು ಎಂಬ ಹೆಸರು ಕೇಳಿದ್ದೇ ಗಣೇಶಪ್ರಸಾದ ಬುತ್ತಿಯ ಕಡೆಗೆ ಮುಖ ಬಗ್ಗಿಸಿದ. ಹೌದು ಮಾರಾಯ, ಇವತ್ತೇ ಅರ್ಜಿ ಹಾಕಿದ್ದೇನೆ ಎನ್ನುವುದಕ್ಕೆ ಒಂದು ಉಸಿರು ಸಾಕಿತ್ತು. ಅವನು ಮೊಸರನ್ನ ಕಲಸುತ್ತ ತಲೆಯಾಡಿಸಿದ.

“ನನಗೆ ನೌಕರಿ ಸಾಕಾಯ್ತು ಮಾರಾಯ. ಮನೆ ಹತ್ತಿರ ನಾಲ್ಕು ತೆಂಗು, ಸ್ವಲ್ಪ ರಬ್ಬರು ಉಂಟಲ್ಲ, ಅದನ್ನು ನೋಡಿಕೊಂಡು ಕೂರುವುದು. ಇನ್ನು ಯಾರು ಕರೆದರೂ ನಾನು ಹೋಗುವವ ಅಲ್ಲ.”

ಸುಳ್ಳು ಹೇಳಿ ಅಭ್ಯಾಸವಿಲ್ಲದವನು ಸುಳ್ಳು ಹೇಳಿದರೆ ಅಳತೆ ತಪ್ಪುತ್ತದೆ. ಇಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತಿತ್ತು. ನಂಬಿಸಬೇಕೆಂಬ ಆತುರದಲ್ಲಿ ಅವನು ತೋಟಕ್ಕೆ ಹನಿ ನೀರಾವರಿ ಹಾಕಿಸುವ ಯೋಚನೆಯನ್ನೂ, ಹಳೆಯ ಪಂಪು ಸರಿಯಿಲ್ಲದ ಕಷ್ಟವನ್ನೂ ಹೇಳಿಕೊಂಡ. ಪುರುಷೋತ್ತಮ ಒಳ್ಳೆಯವನು, ಒಳ್ಳೆಯವರು ಇಂಥದ್ದನ್ನು ಮರೆಯುವುದಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆಯೇ ಸ್ಪ್ಯಾನರುಗಳ ಚೀಲ ಹಿಡಿದುಕೊಂಡು ಮನೆಯಂಗಳದಲ್ಲಿ ಪ್ರತ್ಯಕ್ಷನಾದ. ಒಳಗೆ ನಮಿತಾ ಸಂದರ್ಶನದಲ್ಲಿ ಉತ್ತರಿಸುವ ಬಗೆ ಹೇಳಿಕೊಡುತ್ತಿದ್ದಳು, ಹೊರಗೆ ಅವಳ ವಿದ್ಯಾರ್ಥಿ ಕೆರೆಯ ಬದಿಯಲ್ಲಿ ನಿಂತು ಪಂಪಿನ ವಾಷರು ಹಿಡಿದುಕೊಂಡಿದ್ದ. ಕೆಲಸ ಮುಗಿಸಿ ಕೈ ತೊಳೆಯುವಾಗ ಪುರುಷೋತ್ತಮ, ನಿಮ್ಮ ಹಾಗೆ ಸಾಕು ಅನ್ನುವ ಧೈರ್ಯ ಎಲ್ಲರಿಗೂ ಬರುವುದಿಲ್ಲ ಎಂದು ಮೆಚ್ಚಿಕೊಂಡು ಹೋದ.

ಶಂಕರಿಗೆ ಇದು ಸರಿಕಾಣಲಿಲ್ಲ. ಪಾಪದ ಮನುಷ್ಯ, ಅವರಿಗೊಬ್ಬರಿಗಾದರೂ ಹೇಳಿ ಎಂದಳು. ಅವಳ ಶಾಲೆಯ ಟೀಚರೊಬ್ಬಳ ಗಂಡನಿಗೂ ಆ ಹೊಸ ಕಂಪೆನಿಯವರ ಗುರುತಿತ್ತಂತೆ, ತಾನು ಅವಳ ಹತ್ತಿರ ಮಾತಾಡಲೇ ಎಂದೂ ಕೇಳಿದಳು. ಗಣೇಶಪ್ರಸಾದನಿಗೆ ಸಿಟ್ಟು ಬಂತು. ಬಾಯಿ ತೆರೆದರೆ ಕೆಲಸ ಕೆಟ್ಟಿತೆಂದೇ ತಿಳಿ ಎಂದು ಕಟ್ಟಪ್ಪಣೆ ಮಾಡಿದ. ಮಗಳಿಗೂ ಅದೇ ಅಪ್ಪಣೆಯಾಯಿತು. ಅವಳು ಪಾಪ, ಗೆಳತಿಯರು ಕೇಳಿದರೆ ಎಂತ ಹೇಳಬೇಕು ಎಂದು ಕೇಳಿ ತಿಳಿದುಕೊಂಡೇ ಶಾಲೆಗೆ ಹೋಗುತ್ತಿದ್ದಳು.

ಮೊದಲ ಸಂದರ್ಶನ ಫೋನಿನಲ್ಲೇ ನಡೆಯಿತು. ಎರಡನೆಯದಕ್ಕೆ ಮುಡಿಪಿಗೆ ಕರೆದರು. ರಜೆಗೆ ಕಾರಣ ಬೇಕಾಯಿತು. ಹೆಂಡತಿಯ ಸೋದರತ್ತೆ ತೀರಿಹೋಗಿದ್ದಾರೆ, ಉತ್ತರಕ್ರಿಯೆಯ ಬೊಜ್ಜ ಉಂಟು ಎಂದು ಹೇಳಿ ಹೊರಟ. ಆ ಸೋದರತ್ತೆ ಬದಿಯಡ್ಕದಲ್ಲಿ ಗಟ್ಟಿಮುಟ್ಟಾಗಿದ್ದು ಆ ಹೊತ್ತಿಗೆ ಹಪ್ಪಳ ಒಣಗಿಸುತ್ತಿದ್ದಿರಬೇಕು.

ಸಂದರ್ಶನ ಮಾಡಿದವರು ಕಂಪೆನಿಯ ನಿರ್ದೇಶಕರಾದ ತಿರುಮಲೇಶ್ವರ ಎಂಬವರು, ಪುತ್ತೂರಿನ ಕಡೆಯವರು. ಗಣೇಶಪ್ರಸಾದ ಅವತ್ತು ಚೆನ್ನಾಗಿ ಮಾತಾಡಿದ. ಹಾಲು ಒಡೆಯದಂತೆ ಒಣಗಿಸುವುದು ಹೇಗೆ, ಮಳೆಗಾಲದಲ್ಲಿ ಕಾಯಿ ಎಲ್ಲಿಂದ ತರಿಸುವುದು, ಯಾವ ಯಂತ್ರಕ್ಕೆ ದುಡ್ಡು ಹಾಕುವುದು ದಂಡ, ಎಲ್ಲ ಹೇಳಿದ. ತಿರುಮಲೇಶ್ವರರು ಕೂತಲ್ಲಿಂದ ಎದ್ದು ಅವನನ್ನು ಕಟ್ಟಡದ ಒಳಗೆಲ್ಲ ಸುತ್ತಿಸಿದರು. ಬಾಯ್ಲರು ಇಲ್ಲಿ ಇಡುವುದಾ ಅಲ್ಲಿ ಇಡುವುದಾ ಎಂದು ಅವನನ್ನೇ ಕೇಳಿದರು. ಕೇಳಿದ ರೀತಿ ನೋಡಿದರೆ ಕೆಲಸ ಕೊಟ್ಟ ಹಾಗೆಯೇ ಇತ್ತು. ಹೊರಡುವಾಗ ಕೈಕುಲುಕಿ, ನಾವು ಸ್ವಲ್ಪ ವಿಚಾರಿಸಿ ಹೇಳ್ತೇವೆ ಎಂದರು. ವಿಚಾರಿಸಲಿ ಎಂದು ಗಣೇಶಪ್ರಸಾದ ಹಿಗ್ಗಿದ. ರೆಸ್ಯೂಮೆಯ ಕೊನೆಯಲ್ಲಿ ಅವನು ಕೊಟ್ಟದ್ದು ಮಸ್ಕತ್ತಿನ ಹಳೆಯ ಮೇಲಧಿಕಾರಿಯ ಹೆಸರು, ಆ ಮನುಷ್ಯ ಇವನನ್ನು ಹೊಗಳುವುದರಲ್ಲಿ ಅನುಮಾನವಿರಲಿಲ್ಲ. ಅವತ್ತು ಸಂಜೆ ಮಗಳು ಗೇಟು ತೆಗೆದಾಗ ಅವಳ ತಲೆ ಸವರಿದ. ಎಂತ ಅಪ್ಪ ಎಂದಳು. ಎಂತದೂ ಇಲ್ಲ ಎಂದ.

ಈ ಸೀಮೆಯಲ್ಲಿ ವಿಚಾರಿಸುವುದೆಂದರೆ ಏನು ಎನ್ನುವುದು ಅವನಿಗೆ ಗೊತ್ತಿಲ್ಲದ್ದಲ್ಲ. ಹುಡುಗನ ಕಡೆಯವರು ಬರೆದುಕೊಟ್ಟ ಹೆಸರುಗಳನ್ನು ಹಿಡಿದು ಯಾವ ಹೆಣ್ಣಿನ ತಂದೆಯೂ ವಿಚಾರಿಸುವುದಿಲ್ಲ. ಬಳಸಿಕೊಂಡು ಹೋಗಿ, ಹುಡುಗನ ಜೊತೆ ದಿನವೂ ಉಣ್ಣುವವನನ್ನು ಹಿಡಿದು, ಸಂಬಂಧದ ವಿಷಯ ಎತ್ತದೆ, ಹೇಗೆ ಜನ ಎಂದು ಕೇಳುತ್ತಾನೆ. ತಿರುಮಲೇಶ್ವರರು ಮಾಡಿದ್ದೂ ಅದನ್ನೇ. ಮಸ್ಕತ್ತಿನ ಫೋನು ಒಮ್ಮೆಯೂ ಬಡಿದುಕೊಳ್ಳಲಿಲ್ಲ.

ದಿನ ಕಳೆದವು. ನಮಿತಾ ಹೇಳಿಕೊಟ್ಟ ಪ್ರಕಾರ ಧನ್ಯವಾದದ ಇಮೇಲ್ ಕಳಿಸಿದ, ಕೆಲವು ದಿನ ಬಿಟ್ಟು ನೆನಪಿಸುವ ಇಮೇಲ್ ಕಳಿಸಿದ. ಕಾರ್ಖಾನೆಯಲ್ಲಿ ಯಂತ್ರಗಳಿಗೆ ನಂಬರು ಬರೆದು ಚೀಟಿ ಅಂಟಿಸುವ ಕೆಲಸ ಶುರುವಾಗಿತ್ತು. ಓಣಂನ ವಾರ ಉತ್ತರ ಬಂತು. ನಿಮ್ಮ ಅರ್ಹತೆಯ ಬಗ್ಗೆ ನಮಗೆ ಗೌರವವಿದೆ, ಆದರೆ ಇನ್ನೊಬ್ಬ ಅಭ್ಯರ್ಥಿಯೊಂದಿಗೆ ಮುಂದುವರಿಯಲು ತೀರ್ಮಾನಿಸಿದ್ದೇವೆ. ಅವನು ಅದನ್ನು ಲ್ಯಾಬಿನ ಮೂಲೆಯಲ್ಲಿ ನಿಂತು ಓದಿದ. ಓದಿ ಮುಗಿದ ಮೇಲೂ ಬೆರಳಿನಿಂದ ಮೇಲೆ ಕೆಳಗೆ ಮಾಡುತ್ತಿದ್ದ, ಇನ್ನೂ ಒಂದು ಸಾಲು ಎಲ್ಲೋ ಇದ್ದೀತೆಂದು.

ಅದೇ ಮಧ್ಯಾಹ್ನ ಪುರುಷೋತ್ತಮ ಬುತ್ತಿಯ ಜೊತೆಗೆ ಒಂದು ಪೊಟ್ಟಣ ಮೈಸೂರುಪಾಕು ತಂದಿದ್ದ. ಗಣೇಶಪ್ರಸಾದನ ಬಟ್ಟಲಿಗೆ ಎರಡು ತುಂಡು ಹಾಕಿ, ಬಾಯಿ ತುಂಬ ನಗುತ್ತ, ನನಗೆ ಆಯ್ತು ಭಟ್ರೇ ಎಂದ. ಎಲ್ಲಿ ಎಂದು ಗಣೇಶಪ್ರಸಾದ ಕೇಳಬೇಕಾಗಿಯೇ ಇರಲಿಲ್ಲ. ಆದರೂ ಕೇಳಿದ.

“ಮುಡಿಪಿನಲ್ಲಿಯೇ. ಇಡೀ ಪ್ಲಾಂಟು ನೋಡಿಕೊಳ್ಳುವುದು. ನಾನು ರೋಶನ್ ಹತ್ತಿರ ಮೆಕ್ಯಾನಿಕ್ ಕೆಲಸ ಆದರೂ ಸಾಕು ಅಂತ ಹೇಳಿದ್ದು. ನಿಜ ಹೇಳ್ಬೇಕಾದರೆ ಅವರು ಮೊದಲು ಕೇಳಿದ್ದು ನಿಮ್ಮನ್ನು.”

ಗಣೇಶಪ್ರಸಾದ ತುತ್ತು ಹಿಡಿದ ಕೈಯನ್ನು ಕೆಳಗಿಟ್ಟ. ಪುರುಷೋತ್ತಮ ಎಲ್ಲವನ್ನೂ ವಿವರವಾಗಿ ಹೇಳಿದ, ಅವನಿಗೆ ಮುಚ್ಚಿಡುವುದಕ್ಕೆ ಏನೂ ಇರಲಿಲ್ಲ. ರೋಶನ್ ಮುಖಾಂತರ ತಿರುಮಲೇಶ್ವರರು ಫೋನು ಮಾಡಿದ್ದರು. ನಿಮ್ಮಲ್ಲಿ ಗಣೇಶಪ್ರಸಾದ ಅಂತ ಒಬ್ಬರಿದ್ದಾರಲ್ಲ, ಹೇಗೆ ಜನ, ಕರೆದರೆ ಬಂದಾರಾ ಎಂದಷ್ಟೇ ಕೇಳಿದ್ದರು. ಅವನು ಸಂದರ್ಶನಕ್ಕೆ ಹೋಗಿದ್ದನೆಂಬ ಸುದ್ದಿಯನ್ನು ಅವರು ಎತ್ತಲಿಲ್ಲ, ಅವರಿಗೂ ಆದ ಮೇಲೆ ಹೇಳುವ ಜಾತಿಯ ಮರ್ಯಾದೆ. ಪುರುಷೋತ್ತಮ ಇವನನ್ನು ಹಾಡಿ ಹೊಗಳಿದ್ದ. ಆ ಕೆಲಸದಲ್ಲಿ ಅವರಷ್ಟು ತಿಳಿದವರು ಕೇರಳದಲ್ಲೇ ಇಲ್ಲ ಎಂದಿದ್ದ.

“ಆದರೆ ಬರುವುದು ಮಾತ್ರ ಸುಳ್ಳು ಅಂತ ನಾನು ಹೇಳಿದೆ ಭಟ್ರೇ. ಅವರು ನೌಕರಿ ಸಾಕು ಅಂತ ಮನಸ್ಸು ಮಾಡಿ ಆಗಿದೆ, ತೋಟದ ಪಂಪು ನಾನೇ ಸರಿ ಮಾಡಿ ಬಂದಿದ್ದೇನೆ. ನೀವು ಒತ್ತಾಯ ಮಾಡಿದರೆ ದಾಕ್ಷಿಣ್ಯಕ್ಕೆ ಹೂಂ ಅಂದಾರು, ನಾಲ್ಕು ತಿಂಗಳಲ್ಲಿ ಬಿಟ್ಟು ಹೋದಾರು ಅಂದೆ. ಆಮೇಲೆ ತಿರುಮಲೇಶ್ವರರು, ಹಾಗಾದರೆ ನೀವು ಎಂತ ಮಾಡುವುದು ಅಂತ ನನ್ನನ್ನು ಕೇಳಿದರು.”

ಬಾಯ್ಲರಿನ ಕಡೆಯಿಂದ ಯಾರೋ ಪುರುಷೋತ್ತಮನನ್ನು ಕೂಗಿದರು. ಬಂದೆ ಎಂದು ಕೂಗಿ ಹೇಳಿದವನು ಎದ್ದು ಹೋಗಲಿಲ್ಲ. ಅವನ ಮುಖದ ನಗು ಕಡಿಮೆಯಾಗಿತ್ತು.

“ನಿಮಗೆ ಬೇಕು ಅಂತ ಇದ್ದಿದ್ದರೆ ನಾನು ಅದಕ್ಕೆ ಕೈ ಚಾಚುವವ ಅಲ್ಲ, ಅದು ನಿಮಗೆ ಗೊತ್ತುಂಟಲ್ಲ? ಆರ್ಡರಿಗೆ ಇನ್ನೂ ಸೈನ್ ಹಾಕ್ಲಿಲ್ಲ. ನಾಳೆ ಹೋಗುವುದು. ನಿಮಗೆ ಮನಸ್ಸಿನಲ್ಲಿ ಎಂತಾದರೂ ಇದ್ದರೆ ಈಗ ಹೇಳಿ.”

ಇದಕ್ಕಿಂತ ದೊಡ್ಡ ಬಾಗಿಲು ಮನುಷ್ಯನಿಗೆ ಜೀವಮಾನದಲ್ಲಿ ಇನ್ನೊಮ್ಮೆ ತೆರೆಯುವುದಿಲ್ಲ. ಗಣೇಶಪ್ರಸಾದ ಬಾಯಿ ತೆರೆದದ್ದೂ ನಿಜ. ಆದರೆ ಹೇಳುವುದಾದರೆ ಎಲ್ಲಿಂದ ಹೇಳುವುದು? ಅರ್ಜಿಯನ್ನು ಹೇಳಿದರೆ ತೋಟವನ್ನು ಹೇಳಬೇಕು. ತೋಟವನ್ನು ಹೇಳಿದರೆ ಭಾನುವಾರ ಪಂಪಿನ ಬುಡದಲ್ಲಿ ಬೆವರು ಸುರಿಸಿದ ಇವನ ಮುಖ ನೋಡಬೇಕು, ಆ ಮೇಲೆ ಸೋದರತ್ತೆಯ ಬೊಜ್ಜವೂ ಹೊರಗೆ ಬೀಳಬೇಕು. ಒಟ್ಟಿಗೆ ಉಂಡವನಿಗೆ ಇಷ್ಟು ಕಾಲ ಸುಳ್ಳು ಹೇಳಿದವನೆಂದು ಗೊತ್ತಾಗುವುದಕ್ಕಿಂತ ಕೆಲಸ ಹೋಗುವುದು ಆ ಗಳಿಗೆಯಲ್ಲಿ ಅವನಿಗೆ ಸಣ್ಣದಾಗಿ ಕಂಡಿತು. ಮೈಸೂರುಪಾಕಿನ ತುಂಡನ್ನು ಬಾಯಿಗೆ ಹಾಕಿಕೊಂಡ.

“ನನಗೆ ಎಂತಕ್ಕೆ ಮಾರಾಯ. ನಿನಗೆ ಆದದ್ದು ಒಳ್ಳೆದಾಯ್ತು.”

ಪುರುಷೋತ್ತಮ ನಿರಾಳವಾಗಿ ಉಸಿರುಬಿಟ್ಟು ಬಾಯ್ಲರಿನ ಕಡೆಗೆ ಹೋದ. ಗಣೇಶಪ್ರಸಾದನಿಗೆ ಅವನ ಮೇಲೆ ಸಿಟ್ಟು ಮಾಡಲು ಆಗಲಿಲ್ಲ. ಸಿಟ್ಟು ಮಾಡಬಹುದಾದ ಒಬ್ಬ ಸಿಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಸಂಜೆ ಮನೆಯಲ್ಲಿ ಶಂಕರಿ ಬಟ್ಟೆ ಮಡಿಸುತ್ತಿದ್ದಳು. ಅವಳ ಹತ್ತಿರವೂ ಏನಾದರೊಂದು ಕಟ್ಟಿ ಹೇಳಬೇಕೆಂದು ಅವನು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದ, ಅವಳ ಮುಂದೆ ನಿಂತಾಗ ಆಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಪುರುಷೋತ್ತಮ ಕೊನೆಗೆ ಕೇಳಿದ್ದನ್ನೂ, ತಾನು ಕೊಟ್ಟ ಉತ್ತರವನ್ನೂ ಬಿಡಲಿಲ್ಲ. ಅವಳ ಕೈಯಲ್ಲಿ ಮಗಳ ಯೂನಿಫಾರ್ಮಿನ ಚೂಡಿದಾರ ಹಾಗೇ ಉಳಿಯಿತು. ಅವಳು ಬೈಯಲಿಲ್ಲ. ಮಂಚದ ಮೇಲಿದ್ದ ಅವನ ಫೋನನ್ನು ಎತ್ತಿ ಅವನ ಕೈಗೇ ಕೊಟ್ಟು, ಸೈನ್ ಹಾಕುವುದು ನಾಳೆ ಅಲ್ಲವಾ, ಈಗಲೇ ಹೇಳಿ, ಪುರುಷೋತ್ತಮಣ್ಣ ಬೇಜಾರು ಮಾಡಿಕೊಳ್ಳುವ ಜನ ಅಲ್ಲ ಎಂದಳು.

ಅವನು ಫೋನು ಹಿಡಿದುಕೊಂಡು ನಿಂತ. ಪುರುಷೋತ್ತಮನ ಹೆಸರನ್ನು ತೆಗೆದೂ ತೆಗೆದ. ಆಮೇಲೆ, ಇನ್ನು ಯಾವ ಮುಖ ಇಟ್ಟುಕೊಂಡು ಹೇಳುವುದು, ಅವನು ಈಗ ಮನೆಯವರಿಗೆಲ್ಲ ಹೇಳಿ ಆಗಿರ್ತದೆ, ಊರಿನಲ್ಲಿ ನನ್ನ ಮಾನ ಎಂತ ಉಳಿಯುತ್ತದೆ ಎಂದು ಫೋನನ್ನು ಮತ್ತೆ ಮಂಚದ ಮೇಲೆ ಇಟ್ಟ.

ಒಳಗಿನ ಕೋಣೆಯಲ್ಲಿ ಶ್ರೀರಂಜಿನಿ ಓದುವ ಸದ್ದು ನಿಂತಿತ್ತು. ಶಂಕರಿ ಚೂಡಿದಾರವನ್ನು ಮಡಿಸಿ ರಾಶಿಯ ಮೇಲಿಟ್ಟಳು. ಮದುವೆಯಾದಂದಿನಿಂದ ಅವನು ಕೇಳಿರದ ಒಂದು ಸ್ವರದಲ್ಲಿ, ಮೆಲ್ಲಗೆ ಹೇಳಿದಳು:

“ಆಯ್ತು. ಮಾನ ಉಳಿಸಿಕೊಂಡು ಪೊಳ್ಳಾಚಿಗೆ ಹೋಗಿ. ಅಪ್ಪ ಎಲ್ಲಿ ಅಂತ ಕೇಳಿದವರಿಗೆ ನಾವು ಎಂತ ಹೇಳಬೇಕು, ಅದನ್ನೊಂದು ಹೇಳಿಕೊಟ್ಟು ಹೋಗಿ.”

ಅವನು ತಲೆ ತಗ್ಗಿಸಿದ. ನಾಚಿಕೆ ಅವನನ್ನು ಸುಡುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಸುಟ್ಟದ್ದು, ಆ ಪ್ರಶ್ನೆಗೆ ಅವನ ಹತ್ತಿರ ಉತ್ತರ ತಯಾರಿದ್ದದ್ದು. ಹೊಸ ಜಾಗದಲ್ಲಿ ಯಂತ್ರಗಳನ್ನು ಕೂರಿಸಿ ಕೊಡಲು ಯಜಮಾನರು ಕಾಲು ಹಿಡಿಯುವಷ್ಟು ಕೇಳಿಕೊಂಡರು, ಸ್ವಲ್ಪ ಸಮಯಕ್ಕೆ ಮಾತ್ರ ಹೋದದ್ದು, ಬರ್ತಾರೆ ಎಂದರಾಯಿತು. ಸೀತಾಂಗೋಳಿಯಿಂದ ಬರುವಾಗಲೇ ಅದನ್ನು ಮಾತಿಗೆ ಮಾತು ಕೂಡಿಸಿ ಇಟ್ಟುಕೊಂಡಿದ್ದ.

ಅದನ್ನೇ ಅವಳಿಗೆ ಹೇಳಿಕೊಡಲು ಶುರುಮಾಡಿದ.